ಮೆಣಸಿನ ಅಂಗಳದಲ್ಲಿ ಗಾಳ ಬೀಸುವ ಪಾಠ

ನಮ್ಮ ಮನೆಯೊಳಗೆ ಮೊಟ್ಟೆ ಕೂಡ ಬರುವುದಿಲ್ಲ. ಅಂಥ ಮನೆಯ ನಾನು ನಲವತ್ತೆಂಟನೆಯ ವಯಸ್ಸಿನಲ್ಲಿ ಮೀನು ಹಿಡಿಯುವ ಹುಚ್ಚು ಹಚ್ಚಿಕೊಂಡೆ. ತಿನ್ನುವುದಕ್ಕಲ್ಲ. ಹಿಡಿಯುವುದು, ಎರಡೂ ಕೈಯಲ್ಲಿ ಎತ್ತಿ ಫೋಟೋ ತೆಗೆಸಿಕೊಳ್ಳುವುದು, ಬಾಯಿಂದ ಕೊಕ್ಕೆ ಕಿತ್ತು ಮತ್ತೆ ನೀರಿಗೆ ಬಿಡುವುದು. ಇದಕ್ಕೆ ನಾವು ದಯೆ ಅನ್ನುತ್ತಿದ್ದೆವು. ನಾವು ಅಂದರೆ ನಾನು ಮತ್ತು ರಾಣೇಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿರುವ ನನ್ನ ಕಾಲೇಜಿನ ಗೆಳೆಯ. ಭಾನುವಾರ ಬಂತೆಂದರೆ ನಾನು ಹಾವೇರಿಯಿಂದ, ಅವನು ರಾಣೇಬೆನ್ನೂರಿನಿಂದ ಹೊರಟು ಕುಮಾರಪಟ್ಟಣದ ಕಡೆ ತುಂಗಭದ್ರೆಯ ದಂಡೆಯಲ್ಲಿ ಸೇರುತ್ತಿದ್ದೆವು. ಸಂಜೆ ಮನೆಗೆ ಬಂದರೆ ನನ್ನ ಹೆಂಡತಿ ಹಿತ್ತಲ ಬಾಗಿಲಿನಿಂದ ನೇರ ಬಚ್ಚಲಿಗೆ ಕಳಿಸುತ್ತಿದ್ದಳು. ಗಾಳದ ಕೋಲಿಗಂತೂ ಮನೆಯಲ್ಲಿ ಜಾಗವೇ ಇರಲಿಲ್ಲ. ಅದು ಬ್ಯಾಡಗಿಯಲ್ಲಿರುವ ನನ್ನ ಮೆಣಸಿನಕಾಯಿ ಅಡತಿ ಅಂಗಡಿಯ ಗೋದಾಮಿನಲ್ಲಿ, ಖಾಲಿ ಗೋಣಿಚೀಲಗಳ ಹಿಂದೆ ಇರುತ್ತಿತ್ತು.

ಗೆಳೆಯ ಒಂದು ದಿನ ಹೊಸ ನಮೂನೆಯ ಕೋಲು ತಂದ. ಫ್ಲೈ ರಾಡ್. ನಾವು ಕಂಡ ಗಾಳದಲ್ಲಿ ದಾರದ ತುದಿಗೆ ಸೀಸದ ಗುಂಡು ಇರುತ್ತದೆ, ಎಸೆದರೆ ಗುಂಡಿನ ಭಾರಕ್ಕೆ ದಾರ ಮುಂದೆ ಹೋಗುತ್ತದೆ. ಇದರಲ್ಲಿ ಗುಂಡಿಲ್ಲ. ತುದಿಯಲ್ಲಿ ಪುಕ್ಕದಿಂದ ಕಟ್ಟಿದ ಸುಳ್ಳು ಹುಳ, ಅದಕ್ಕೆ ತೂಕವೇ ಇಲ್ಲ. ಭಾರವೆಲ್ಲ ದಾರದಲ್ಲೇ. ಮೊದಲು ದಾರವನ್ನು ಬೆನ್ನ ಹಿಂದೆ ಬೀಸಬೇಕು, ಅದು ಅಲ್ಲಿ ಪೂರ್ತಿ ಬಿಚ್ಚಿಕೊಳ್ಳಬೇಕು, ಆಮೇಲೆ ಮುಂದಕ್ಕೆ ತರಬೇಕು. ಆಗ ಹುಳ ತಾನಾಗಿ ಹಾರಿಬಂದಂತೆ ನೀರಿನ ಮೇಲೆ ಕೂರುತ್ತದೆ. ಗೆಳೆಯ ಎಸೆದಾಗ ಸುಮಾರಾಗಿ ಕೂತಿತು. ನನಗೆ ಹೊಟ್ಟೆ ಉರಿಯಿತು. ಮುಂದಿನ ವಾರವೇ ಅವನದಕ್ಕಿಂತ ದೊಡ್ಡ ಬೆಲೆಯ ಕೋಲು ತರಿಸಿದೆ.

ಕೋಲು ಬಂತು, ವಿದ್ಯೆ ಬರಲಿಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿದೆ, ಕಣ್ಣು ನೋಯುವಷ್ಟು ನೋಡಿದೆ. ಅದರಲ್ಲಿ ಎಲ್ಲರೂ ಸುಲಭವಾಗಿ ಬೀಸುತ್ತಿದ್ದರು. ನಾನು ಬೀಸಿದರೆ ದಾರ ನನ್ನ ಕಿವಿ, ಕನ್ನಡಕ, ದಂಡೆಯ ಜಾಲಿಗಿಡ, ಎಲ್ಲದಕ್ಕೂ ಸುತ್ತಿಕೊಳ್ಳುತ್ತಿತ್ತು, ನೀರಿಗೆ ಮಾತ್ರ ಬೀಳುತ್ತಿರಲಿಲ್ಲ. ಅಲ್ಲೇ ಬೀಸುಬಲೆ ಹಾಕುವವರು ಬಲೆ ಪಕ್ಕಕ್ಕಿಟ್ಟು ಕೂತು ನೋಡುತ್ತಿದ್ದರು. ಕಾವೇರಿ ದಂಡೆಯಲ್ಲಿ ಎರಡು ದಿನದ ಶಿಬಿರ ಇದೆ ಎಂದು ತಿಳಿದು ಅಲ್ಲಿಗೂ ಹೋದೆ. ಕಲಿಸುವವನು ನನ್ನ ಮಗನ ವಯಸ್ಸಿನವನು, ತಲೆಗೆ ಅಗಲ ಟೊಪ್ಪಿಗೆ. ನನ್ನನ್ನು ಹನ್ನೆರಡು ಜನರ ಮುಂದೆ ನಿಲ್ಲಿಸಿ ಬೀಸಲು ಹೇಳಿದ. ಬೀಸಿದೆ. ಮಾಡಬಾರದ ತಪ್ಪುಗಳೆಲ್ಲ ಇವರೊಬ್ಬರಲ್ಲೇ ಇವೆ, ಚೆನ್ನಾಗಿ ನೋಡಿಕೊಳ್ಳಿ ಎಂದು ಅವರಿಗೆ ಹೇಳಿದ. ಎರಡು ದಿನವೂ ನಾನು ಆ ಕೆಲಸಕ್ಕೇ ಬಳಕೆಯಾದೆ. ಬರುವಾಗ ಕಾರಿನಲ್ಲಿ ಒಬ್ಬನೇ ಅವನಿಗೆ ಬಾಯಿಗೆ ಬಂದಂತೆ ಬೈದೆ.

ಆಮೇಲೆ ಬ್ಯಾಡಗಿಯ ನನ್ನ ಅಂಗಳದಲ್ಲೇ ಅಭ್ಯಾಸಕ್ಕೆ ನಿಂತೆ. ಮೆಣಸಿನಕಾಯಿ ಸುರುವಿ ಒಣಗಿಸುವ ಅಂಗಳ, ಒಂದು ಬದಿಗೆ ರಾಶಿ, ಇನ್ನೊಂದು ಬದಿ ಖಾಲಿ. ಬೆಳಿಗ್ಗೆ ಏಳಕ್ಕೆ, ಹಮಾಲರು ಬರುವ ಮೊದಲು. ನೋಡುವವನು ಗೇಟಿನ ಕಾವಲುಗಾರ ಒಬ್ಬನೇ. ಅರವತ್ತೈದು ದಾಟಿದ ಒಣಕಲು ಮನುಷ್ಯ. ಖಾಕಿ ಅಂಗಿಯ ಕುತ್ತಿಗೆಯ ಗುಂಡಿ ಯಾವತ್ತೂ ಹಾಕಿರುತ್ತಿದ್ದ, ಸೀಟಿ ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದ. ಎರಡು ವರ್ಷದ ಹಿಂದೆ ಕೆಲಸ ಕೇಳಿಕೊಂಡು ಬಂದಾಗ ದಾವಣಗೆರೆ ಕಡೆ ಮಿಲ್ಲಿನಲ್ಲಿ ಇದ್ದೆ ಎಂದಿದ್ದ. ಹಮಾಲರು ಅವನಿಗೆ ಕಾಕಾ ಅನ್ನುತ್ತಿದ್ದರು. ಅವನ ಮಗಳು, ಮೂವತ್ತರ ಆಸುಪಾಸಿನವಳು, ನನ್ನ ಶೆಡ್ಡಿನಲ್ಲೇ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಹೆಂಗಸರ ಜೊತೆ ಕೂರುತ್ತಿದ್ದಳು. ಇಲ್ಲಿ ನಾನು ಅವನಿಗೆ 'ಅವನು' ಅಂತಲೇ ಬರೆಯುತ್ತೇನೆ. ಆಗ ಹಾಗೆಯೇ ಅನ್ನುತ್ತಿದ್ದೆ, ಈಗ ಕಾಗದದ ಮೇಲೆ ಮರ್ಯಾದೆ ತೋರಿಸಿ ದೊಡ್ಡವನಾಗುವುದು ಬೇಡ.

ಮೂರನೆಯ ದಿನವೋ ನಾಲ್ಕನೆಯ ದಿನವೋ, ದಾರ ನನ್ನ ತಲೆಗೆ ಸುತ್ತಿಕೊಂಡಿದ್ದಾಗ, ಹಿಂದಕ್ಕೆ ಹೋಗುವತನಕ ತಡೆಯಿರಿ ಎಂದು ಅವನು ಗೇಟಿನಿಂದಲೇ ಹೇಳಿದ. ನಿನ್ನ ಕೆಲಸ ನೀನು ನೋಡು ಎಂದೆ. ಆಮೇಲೆ ಅವನು ಬೇರೆ ಕಡೆ ನೋಡುತ್ತಿರುವಾಗ ನಾನು ಕದ್ದು ಅವನು ಹೇಳಿದಂತೆ ಮಾಡಿದೆ. ಹಿಂದೆ ಬೀಸಿ ಒಂದು ಗಳಿಗೆ ತಡೆದೆ. ದಾರ ಮೊದಲ ಸಲ ನೆಟ್ಟಗೆ ಮುಂದೆ ಬಂತು. ಅದು ಬಂದಿದ್ದಕ್ಕೆ ನನಗೆ ಸಿಟ್ಟು ಬಂತು.

ಕೋಲು ಕೊಟ್ಟು, ನೀನೇ ಮಾಡಿ ತೋರಿಸು ನೋಡೋಣ ಎಂದೆ. ಅವನ ಮುಖಭಂಗ ಮಾಡಬೇಕು ಎಂಬುದು ನನ್ನ ಮನಸ್ಸಿನಲ್ಲಿದ್ದದ್ದು. ಅವನು ಕೋಲನ್ನು ಎರಡು ಸಲ ಅಲುಗಾಡಿಸಿ ಬಾಗು ನೋಡಿದ. ದಾರವನ್ನು ಬೆರಳಿನ ನಡುವೆ ಉದ್ದಕ್ಕೂ ಎಳೆದು ನೋಡಿದ. ಆಮೇಲೆ ಕೇಳಿದ:

"ಸಪ್ಪಳಾ ಬರಬೇಕೇನ್ರಿ ಸಾವಕಾರ್ರ, ಬರಬಾರ್ದೇನ್ರಿ?"

ಬರಬಾರದು, ಸಪ್ಪಳ ಬಂದರೆ ತುದಿಯ ಹುಳ ಕಡಿದು ಹೋಗುತ್ತದೆ, ಮೀನೂ ಓಡುತ್ತದೆ ಎಂದೆ. ಹಂಗಾದರೆ ಇನ್ನೂ ಕಷ್ಟ ಎಂದು ತನಗೇ ಹೇಳಿಕೊಂಡು ಬೀಸಿದ. ದಾರ ಹಿಂದೆ ಹೋಗಿ ನೆಟ್ಟಗಾಯಿತು, ಗಾಳಿಯಲ್ಲಿ ಒಂದು ಕ್ಷಣ ನಿಂತಂತೆ ಕಂಡಿತು, ಮುಂದೆ ಬಂದು ಅಂಗಳದ ಆ ತುದಿಯಲ್ಲಿ ಸದ್ದಿಲ್ಲದೆ ಮಲಗಿತು. ಶಿಬಿರದ ಟೊಪ್ಪಿಗೆಯವನಿಗೂ ಅಷ್ಟು ಅಂದವಾಗಿ ಬಂದಿರಲಿಲ್ಲ. ಎಲ್ಲಿ ಕಲಿತೆ ಎಂದು ಕೇಳಿದರೆ, ಎಲ್ಲೋ ಕಲಿತೆ ಅಂದ.

ಹೀಗೆ ನನಗೆ ಗುರು ಸಿಕ್ಕ. ಎಷ್ಟೋ ದೂರ ಹುಡುಕಿದ್ದೆ, ಅವನು ನನ್ನ ಗೇಟಿನಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದ.

ಒಳ್ಳೆಯ ಗುರುವೇ, ಆದರೆ ಕರುಣೆ ಇಲ್ಲದವನು. ಮೊದಲ ದಿನವೇ ಅಂಗಿ, ಬನಿಯನ್ನು ತೆಗೆಯಲು ಹೇಳಿದ. ತಪ್ಪಿದರೆ ಬೆನ್ನಿಗೆ ಗೊತ್ತಾಗಬೇಕು, ತಲೆಗೆ ಗೊತ್ತಾದರೆ ಉಪಯೋಗವಿಲ್ಲ ಅಂದ. ಮಣಿಕಟ್ಟು ಬಾಗಬಾರದೆಂದು ನನ್ನ ಕೈಯನ್ನು ಕೋಲಿನ ಹಿಡಿಕೆಗೆ ಚೀಲ ಹೊಲಿಯುವ ಸುತಳಿಯಿಂದ ಬಿಗಿದು ಕಟ್ಟಿದ. ದಾರದ ತುದಿಗೆ ಹುಳದ ಬದಲು ರಾಶಿಯಿಂದ ಒಂದು ಒಣ ಮೆಣಸಿನಕಾಯಿ ಆರಿಸಿ ಕಟ್ಟಿದ. ನಾನು ಅವಸರ ಮಾಡಿದರೆ ದಾರ ಛಟ್ ಎಂದು ಸದ್ದು ಮಾಡಿ ಮೆಣಸಿನಕಾಯಿ ಕಡಿದು ಬೀಳುತ್ತಿತ್ತು. ತಡ ಮಾಡಿದರೆ ದಾರ ಜೋತುಬಿದ್ದು ಮೆಣಸಿನಕಾಯಿ ಸಮೇತ ಬರಿಬೆನ್ನಿಗೆ ಬಡಿಯುತ್ತಿತ್ತು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಊರೂರಿನ ಗಿರಾಕಿಗಳಿಗೆ ಹೇಳಿ ಮಾರುವವನು ನಾನು. ದಾರ ಕೆತ್ತಿದ ಚರ್ಮಕ್ಕೆ ಒಡೆದ ಕಾಯಿ ತಾಗಿದಾಗ ಆ ಮಾತು ಎಷ್ಟು ಖರೆ ಎಂದು ತಿಳಿಯಿತು. ರಾತ್ರಿ ಅಂಗಾತ ಮಲಗಲು ಆಗುತ್ತಿರಲಿಲ್ಲ. ಹೆಂಡತಿ ಬೆನ್ನು ನೋಡಿ ಏನಿದು ಎಂದರೆ ಸೆಖೆ ಬೊಕ್ಕೆ ಎಂದೆ.

ಕೈಯಲ್ಲಿ ಒಂದು ಬಿದಿರಿನ ಕಡ್ಡಿ ಹಿಡಿದು ಪಕ್ಕದಲ್ಲೇ ನಿಲ್ಲುತ್ತಿದ್ದ. ಮೊಣಕೈ ಮೇಲೆದ್ದರೆ ಮೊಣಕೈಗೆ, ಹೆಗಲು ತಿರುಗಿದರೆ ಹೆಗಲಿಗೆ ಒಂದು ಬಿಡುತ್ತಿದ್ದ. ಮೊದಮೊದಲು ಮೆಲ್ಲಗೆ, ಆಮೇಲೆ ಮೆಲ್ಲಗಲ್ಲ. ಒಂದು ದಿನ ಬಿಸಿಲೇರಿತ್ತು, ನೀರು ಕುಡಿದು ಬರುತ್ತೇನೆ ಎಂದೆ. ಹತ್ತು ಸಲ ಸರಿಯಾಗಿ ಬೀಳಲಿ, ಆಮೇಲೆ ಕುಡಿಯುವಿರಂತೆ ಎಂದ. ಏಳಕ್ಕೆ ಬಂದು ತಪ್ಪಿತು. ಮತ್ತೆ ಒಂದರಿಂದ ಶುರು ಮಾಡಿಸಿದ. ಅವನನ್ನು ಒಂದು ಮಾತಿನಲ್ಲಿ ಗೇಟಿನಾಚೆ ಕಳಿಸಬಹುದಾದ ನಾನು ನಾಲಿಗೆ ಒಣಗಿಸಿಕೊಂಡು ಅವನ ಮುಂದೆ ಬೀಸುತ್ತ ನಿಂತಿದ್ದೆ. ಅವನಿಗೆ ಅದರಲ್ಲಿ ಖುಷಿ ಇತ್ತು ಎಂದು ನನಗೆ ಈಗಲೂ ಅನುಮಾನ. ಇದ್ದರೆ ಇರಲಿ, ಆದರೆ ಆಗ ನಾನು ಅದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ. ದಿನವೂ ಬರೆದಿಟ್ಟುಕೊಂಡೆ.

ತಿನ್ನುವುದಿಲ್ಲವೆಂದ ಮೇಲೆ ಮೀನು ಯಾಕೆ ಹಿಡಿಯುತ್ತೀರಿ ಎಂದು ಒಮ್ಮೆ ಕೇಳಿದ. ಹಿಡಿದು ಬಿಟ್ಟುಬಿಡುತ್ತೇವೆ, ಅದಕ್ಕೇನೂ ಆಗುವುದಿಲ್ಲ ಎಂದೆ. ಅದು ಮೀನು ಹೇಳಿತೇನು ಎಂದ. ಹಾಗೆ ಕೇಳುವಾಗಲೂ ಮುಖದಲ್ಲಿ ನಗೆ ಇರಲಿಲ್ಲ.

ಎರಡು ತಿಂಗಳಾದವು. ಬೆನ್ನಿಗೆ ಬೀಳುವುದು ನಿಂತಿತು, ಮೆಣಸಿನಕಾಯಿ ಕಡಿಯುವುದು ಅಪರೂಪವಾಯಿತು. ಒಂದು ಬೆಳಿಗ್ಗೆ ನಾನು ಬೇಗ ಬಂದಾಗ ಅವನು ಗೋದಾಮಿನ ಹಿಂದಿನ ನಲ್ಲಿಯಲ್ಲಿ ಸ್ನಾನ ಮಾಡುತ್ತಿದ್ದ. ಅಂಗಿ ಇಲ್ಲದೆ ನಾನು ಅವನನ್ನು ಕಂಡದ್ದು ಅದೇ ಮೊದಲು. ಎರಡೂ ತೋಳುಗಳ ಮೇಲೆ, ಬೆನ್ನಿನ ಮೇಲೆ ಹಳೆಯ ಗೀರುಗಳು, ಒಂದರ ಮೇಲೊಂದು, ಕೆಲವು ಬೆರಳಿನಷ್ಟು ದಪ್ಪ. ನೋಡಿದ ಕೂಡಲೇ ನನಗೆ ತಿಳಿಯಿತು. ಚಿಕ್ಕವರಿದ್ದಾಗ ನಮ್ಮ ಓಣಿಗೆ ಬರುತ್ತಿದ್ದರಲ್ಲ, ತಲೆಯ ಮೇಲೆ ದೇವಿಯ ಪೆಟ್ಟಿಗೆ ಹೊತ್ತ ಹೆಂಗಸು, ಉರುಮೆಯ ಸದ್ದು, ಮುಂದೆ ಕಾಲಿಗೆ ಗೆಜ್ಜೆ ಕಟ್ಟಿ ಹಗ್ಗದ ಚಾವಟಿಯಿಂದ ಮೈಗೆ ಹೊಡೆದುಕೊಳ್ಳುವ ಗಂಡಸು. ಅಜ್ಜಿ ಮೊರದಲ್ಲಿ ಜೋಳ ತಂದು ದೂರದಿಂದಲೇ ಸುರುವುತ್ತಿದ್ದಳು. ನಾವು ಬಾಗಿಲ ಹಿಂದೆ ಅಡಗಿ ಸದ್ದು ಎಣಿಸುತ್ತಿದ್ದೆವು.

ಅವನು ಅಂಗಿ ತೊಟ್ಟು ಕುತ್ತಿಗೆಯ ಗುಂಡಿ ಹಾಕಿಕೊಂಡು ಬಂದು ಎದುರಿಗೆ ನಿಂತ. ಮುಚ್ಚಿಡಲು ನೋಡಲಿಲ್ಲ. ಏಳು ವರ್ಷದವನಿದ್ದಾಗ ಅಪ್ಪ ಕಲಿಸಿದನಂತೆ. ಅಳುವಾಗ ಹೊಡೆಯುತ್ತಿರಲಿಲ್ಲವಂತೆ, ಅತ್ತು ಸುಮ್ಮನಾದ ಮೇಲೆ ಹೊಡೆಯುತ್ತಿದ್ದನಂತೆ. ಕರ್ಜಗಿ, ಕದರಮಂಡಲಗಿ, ಆ ಕಡೆಯ ಊರುಗಳನ್ನೆಲ್ಲ ಅವ್ವನ ಹಿಂದೆ ಕಾಲ್ನಡಿಗೆಯಲ್ಲಿ ತಿರುಗಿದ್ದ. ಸರಿಯಾಗಿ ಬೀಸಿದರೆ ಸದ್ದು ಗಾಳಿಯಲ್ಲೇ ಆಗುತ್ತದೆ, ತುದಿ ಮೈಗೆ ಸವರಿ ಹೋಗುತ್ತದೆ ಅಷ್ಟೆ. ಕೈ ತಪ್ಪಿದರೆ ಸದ್ದು ಮೊಂಡಾಗುತ್ತದೆ, ಏಟು ಮೈಗೆ ಕೂರುತ್ತದೆ. ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಹೊಡೆದುಕೊಳ್ಳುವವನಿಗೆ ತಿಳಿಯುತ್ತದೆ. ಮಗಳು ಹತ್ತು ವರ್ಷದವಳಾದಾಗ ಹೆಂಡತಿ ತೀರಿಕೊಂಡಳು, ಪೆಟ್ಟಿಗೆ ಮಗಳ ತಲೆಗೆ ಬರಬೇಕಾಗಿತ್ತು. ಅವತ್ತು ಚಾವಟಿಯನ್ನು ಹೊಳೆಗೆ ಬಿಟ್ಟು ಊರು ಬದಲಿಸಿದ್ದ.

"ಆಕಿ ಅಲ್ಲಿ ನಾಕ್ ಮಂದಿ ಕೂಡ ಕುಂತ್ ರೊಟ್ಟಿ ತಿಂತಾಳ್ರಿ," ಅಂದ ಶೆಡ್ಡಿನ ಕಡೆ ನೋಡುತ್ತ. "ಅವ್ರಿಗೆ ಗೊತ್ತಿಲ್ಲ. ಗೊತ್ತಾಗಬಾರ್ದು. ನಂದೇನ್ ಇಲ್ರಿ, ಆಕೀದು."

ಯಾರಿಗೂ ಹೇಳುವುದಿಲ್ಲ ಎಂದೆ. ಅವನು ಅಲ್ಲಿಂದ ಕದಲಲಿಲ್ಲ. ಅಂಗಡಿಯೊಳಗೆ ನಮ್ಮ ಅಜ್ಜನ ಕಾಲದ ಕಬ್ಬಿಣದ ತಕ್ಕಡಿ ಇದೆ. ತೂಗುವುದಕ್ಕಲ್ಲ, ಅಮಾವಾಸ್ಯೆಗೆ ಪೂಜೆ ಮಾಡುತ್ತೇವೆ. ನಮ್ಮಲ್ಲಿ ವ್ಯಾಪಾರಸ್ಥ ಅದನ್ನು ಮುಟ್ಟಿ ಆಡಿದ ಮಾತು ಕೊನೆಯ ಮಾತು. ಒಳಗೆ ಕರೆದುಕೊಂಡು ಹೋಗಿ ತಕ್ಕಡಿ ಮುಟ್ಟಿ ಆಣೆ ಮಾಡಿದೆ. ಆಗ ಅವನು ಕಡ್ಡಿ ಎತ್ತಿಕೊಂಡು, ಬನ್ನಿ ಬಿಸಿಲಾಗುತ್ತದೆ ಎಂದ.

ಮುಂದಿನ ಭಾನುವಾರ ಹೊಳೆಯಲ್ಲಿ ನಾನು ಬೀಸಿದ್ದು ನೋಡಿ ಗೆಳೆಯನ ಬಾಯಿ ತೆರೆದೇ ಇತ್ತು. ನಡುಹೊಳೆಯ ಬಂಡೆಯ ನೆರಳಿನಲ್ಲಿ, ಅವನ ದಾರ ಮುಟ್ಟದ ಜಾಗದಲ್ಲಿ, ನನ್ನ ಹುಳ ಕೂತಿತು. ಅಂಗೈ ಉದ್ದದ ಮೀನು ಎದ್ದು ಬಾಯಿ ಹಾಕಿತು. ಅದರ ತುಟಿ ಹರಿದು ರಕ್ತ ಬಂತು, ನೀರಿಗೆ ಬಿಟ್ಟೆವು, ಹೊಟ್ಟೆ ಮೇಲಾಗಿ ತೇಲಿಹೋಯಿತು. ನಾವಿಬ್ಬರೂ ಆ ಕಡೆ ನೋಡಲಿಲ್ಲ. ಯಾರು ಕಲಿಸಿದರು ಎಂದು ಗೆಳೆಯ ಹೊರಡುವತನಕ ಪೀಡಿಸಿದ. ವಿಡಿಯೋ ನೋಡಿ ಕಲಿತೆ ಎಂದೆ. ಅವನು ನಂಬಲಿಲ್ಲ. ಗುರುವಾರ ಬ್ಯಾಡಗಿಗೆ ಬರುತ್ತೇನೆ, ನಿನ್ನ ಅಭ್ಯಾಸ ನೋಡಲೇಬೇಕು ಎಂದು ಹಟ ಹಿಡಿದ. ನನಗೂ ತೋರಿಸುವ ಆಸೆ ಇತ್ತು.

ಗುರುವಾರ ಪೇಟೆಯ ದಿನ. ಹಮಾಲರು, ಗಾಡಿಯವರು, ಶೆಡ್ಡಿನಲ್ಲಿ ತುಂಬು ಬಿಡಿಸುವ ಹೆಂಗಸರು, ಎಲ್ಲರೂ ಇದ್ದರು. ಬೆಳಿಗ್ಗೆ ನಾನೊಬ್ಬನೇ ಮಾಡುವ ಕೆಲಸವನ್ನು ಹಾಡುಹಗಲು ಜನರ ಮಧ್ಯೆ ಮಾಡಲು ನಿಂತೆ, ಅಂಗಿ ಹಾಕಿಕೊಂಡೇ. ಗೆಳೆಯ ಮೊಬೈಲ್ ಹಿಡಿದು ವಿಡಿಯೋ ತೆಗೆಯಲು ತಯಾರಾದ. ಬೀಸಿದೆ. ಛಟ್ ಎಂದಿತು, ಮೆಣಸಿನಕಾಯಿ ಕಡಿದು ಬಿತ್ತು. ಇನ್ನೊಂದು ಕಟ್ಟಿದೆ. ಅದೂ ಕಡಿಯಿತು. ಹಮಾಲರು ಚೀಲ ಇಳಿಸಿ ನಿಂತರು. ಮೂರನೆಯದೂ ಕಡಿದು ಒಬ್ಬನ ತಲೆಯ ಮೇಲೆ ಬಿತ್ತು.

"ತಡೀರಿ ತಡೀರಿ ಅಂತ ಎಷ್ಟ ಸಲ ಹೇಳ್ಬೇಕ್ರಿ ನಿಮಗ?" ಗೇಟಿನಿಂದ ಅವನ ದನಿ. ದಿನವೂ ಬೆಳಿಗ್ಗೆ ನನ್ನೊಂದಿಗೆ ಮಾತಾಡುವ ದನಿಯೇ. ಜನ ಇದ್ದಾರೆ ಎಂಬುದನ್ನು ಅವನು ಮರೆತಿದ್ದ. ಕಲಿಸುವವನಿಗೆ ಹಾಗೆ ಆಗುತ್ತದೆ.

ಗೆಳೆಯ ಹೊಟ್ಟೆ ಹಿಡಿದು ನಕ್ಕ. ನಿನ್ನ ಗುರು ಗೇಟ್ ಕಾಯುವವನೇನೋ ಎಂದ. ಹಮಾಲರಲ್ಲಿ ಯಾರೋ ಕಿಸಕ್ಕೆಂದರು. ನನಗೆ ಮೈಯೆಲ್ಲ ಉರಿ ಹತ್ತಿತು. ಕಡ್ಡಿಯ ಏಟುಗಳು, ಕುಡಿಯದ ನೀರು, ಎಲ್ಲ ಒಟ್ಟಿಗೆ ನೆನಪಾದವು. ಬರೆದಿಟ್ಟುಕೊಂಡದ್ದನ್ನು ತೀರಿಸಲು ಇದೇ ಹೊತ್ತು ಎಂದು ಸ್ಪಷ್ಟವಾಗಿ ಅನಿಸಿತು. ಇಷ್ಟು ದಿನ ನನಗೆ ನಾನು ಬೇರೆ ಹೇಳಿಕೊಂಡಿದ್ದೇನೆ. ಗುರುವಿನ ವಿದ್ಯೆ ನಾಲ್ಕು ಜನ ಕಾಣಲಿ ಅಂತ ಮುಂದಿನದನ್ನು ಮಾಡಿದೆ, ಅದು ಗೌರವವೇ ಅಂತ. ಸುಳ್ಳು. ಅವನಿಗೆ ನೋಯಲಿ ಎಂದೇ ಮಾಡಿದೆ.

ಹೌದು, ಅವನೇ ನನ್ನ ಗುರು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಇವನು ಬರೀ ಕಾವಲುಗಾರನಲ್ಲ, ಊರೂರು ಚಾವಟಿ ಹೊಡೆದುಕೊಂಡು ತಿರುಗಿದವನು, ಇವನಷ್ಟು ಚೆನ್ನಾಗಿ ಬೀಸುವವರು ಈ ಜಿಲ್ಲೆಯಲ್ಲೇ ಇಲ್ಲ ಎಂದೆ. ಚೀಲದ ರಾಶಿಯ ಮೇಲಿದ್ದ ದಪ್ಪ ಹಗ್ಗ ಎಳೆದು ಅವನ ಕಾಲ ಮುಂದೆ ಎಸೆದೆ.

"ತೋರ್ಸು," ಎಂದೆ.

"ಬ್ಯಾಡ್ರಿ ಸಾವಕಾರ್ರ."

"ತೋರ್ಸು ಅಂದ್ನೆಲ್ಲ."

ಅವನು ಶೆಡ್ಡಿನ ಕಡೆ ನೋಡಿದ. ನಾನೂ ನೋಡಿದೆ. ಮಗಳು ತಲೆ ಎತ್ತಿರಲಿಲ್ಲ. ಅವಳ ಕೈ ತುಂಬು ಬಿಡಿಸುತ್ತಲೇ ಇತ್ತು, ಬಿಡಿಸಿದ ಕಾಯಿಗಳನ್ನೇ ಮತ್ತೆ ಎತ್ತಿ ಬಿಡಿಸುತ್ತಿತ್ತು. ಅವನು ಸೀಟಿ ತೆಗೆದು ಸ್ಟೂಲಿನ ಮೇಲಿಟ್ಟ. ಅಂಗಿಯ ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚಿ, ಅಂಗಿಯನ್ನು ಮಡಿಸಿ ಸೀಟಿಯ ಪಕ್ಕ ಇಟ್ಟ. ಹಗ್ಗದ ತುದಿಯನ್ನು ಎರಡು ಸಲ ಹುರಿ ಹಾಕಿ ನೋಡಿದ. ಆ ಗೀರುಗಳು ಎಲ್ಲರಿಗೂ ಕಂಡವು.

ಮೊದಲನೆಯದು ಸಿಡಿದಾಗ ಗೋದಾಮಿನ ತಗಡಿನ ಮೇಲಿನ ಪಾರಿವಾಳಗಳು ಎದ್ದವು. ಎರಡನೆಯದೂ ಅಷ್ಟೇ ಚೊಕ್ಕ. ಎರಡೂ ಗಾಳಿಯಲ್ಲಿ ಆದ ಸದ್ದುಗಳು, ಅದು ನನಗೆ ತಿಳಿಯಿತು, ಅವನೇ ನನ್ನ ಕಿವಿ ತಯಾರು ಮಾಡಿದ್ದ. ಮೂರನೆಯ ಸಲ ಅವನು ನನ್ನ ಮುಖ ನೋಡುತ್ತ ಬೀಸಿದ. ಸದ್ದು ಮೊಂಡಾಗಿತ್ತು. ಇಪ್ಪತ್ತು ವರ್ಷ ಬಿಟ್ಟರೂ ಮೊದಲ ಎರಡರಲ್ಲಿ ತಪ್ಪದ ಕೈ ಮೂರನೆಯದರಲ್ಲಿ ತಪ್ಪಲಿಲ್ಲ, ಬೇಕೆಂದೇ ಮೈಮೇಲೆ ಕೂರಿಸಿದ. ಅಲ್ಲಿದ್ದವರಿಗೆಲ್ಲ ಮೂರೂ ಒಂದೇ. ಅದು ನನಗೊಬ್ಬನಿಗೆ ಹೊಡೆದು ತೋರಿಸಿದ್ದು.

ಗೆಳೆಯ ಮೊಬೈಲ್ ಕೆಳಗಿಳಿಸಿದ್ದ. ನಾನು ಸಾಕು ಅನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಶೆಡ್ಡಿನಿಂದ ಒಬ್ಬ ಮುದುಕಿ ಎದ್ದಳು. ಕೆಟ್ಟವಳಲ್ಲ, ದೇವರು ದಿಂಡರೆಂದರೆ ಕೈ ಮುಗಿಯುವ ಹೆಂಗಸು. ಅವನ ಮಗಳ ಪಕ್ಕದಲ್ಲೇ ಕೂತು ದಿನವೂ ಅವಳ ಡಬ್ಬಿಯ ಶೇಂಗಾ ಚಟ್ನಿ ಬೆರಳಲ್ಲಿ ತೆಗೆದು ತಿನ್ನುವವಳು. ಊಟಕ್ಕೆಂದು ತಂದಿದ್ದ ರೊಟ್ಟಿ ಎರಡನ್ನು ಮೊರದಲ್ಲಿಟ್ಟುಕೊಂಡು ಬಂದಳು. ನಾಲ್ಕು ಮಾರು ದೂರದಲ್ಲೇ ನಿಂತಳು. ತಾಯಿ ಕಾಪಾಡವ್ವಾ ಎಂದು ಹಣೆ ಮುಟ್ಟಿಕೊಂಡು, ಮೊರವನ್ನು ನೆಲಕ್ಕಿಟ್ಟು ಕಾಲಲ್ಲಿ ಮುಂದಕ್ಕೆ ಸರಿಸಿ ಹಿಂದೆ ಹೋದಳು. ದೇವಿಯ ಹೆಸರಿನಲ್ಲಿ ಹಾಗೆ ಕೊಟ್ಟದ್ದನ್ನು ಬೇಡ ಎನ್ನುವ ಹಾಗಿಲ್ಲ. ಅವನು ಬಗ್ಗಿ ರೊಟ್ಟಿ ಎತ್ತಿ ಕಣ್ಣಿಗೊತ್ತಿಕೊಂಡ. ಎರಡು ವರ್ಷ ಅವನ ಕೈಯಿಂದ ಚಹಾ ಇಸಿದುಕೊಂಡು ಕುಡಿದ ಹಮಾಲರು ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟರು.

ಮಧ್ಯಾಹ್ನ ನಾನು ಅಂಗಡಿಯೊಳಗೆ ಗಾದಿಯ ಮೇಲೆ ಕೂತು ಕಿಟಕಿಯಿಂದ ನೋಡುತ್ತಿದ್ದೆ. ಹೆಂಗಸರು ಊಟಕ್ಕೆ ಕೂತರು. ಯಾರೂ ಅವನ ಮಗಳಿಗೆ ಏನೂ ಅನ್ನಲಿಲ್ಲ. ಎದ್ದು ಹೋಗು ಅನ್ನಲಿಲ್ಲ, ಆ ಕಡೆ ಕೂತುಕೋ ಅನ್ನಲಿಲ್ಲ. ಅವಳ ಎರಡೂ ಬದಿಗೆ ಒಂದೊಂದು ಮೊಳ ಜಾಗ ಖಾಲಿ ಉಳಿಯಿತು, ಅಷ್ಟೆ. ಅವಳು ಡಬ್ಬಿಯ ಮುಚ್ಚಳ ತೆಗೆದು ನಡುವೆ ಇಟ್ಟಳು. ಮುದುಕಿ ಅವತ್ತು ತನಗೆ ಹಸಿವಿಲ್ಲ ಎಂದು ಮುಖ ತಿರುಗಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಮಗಳು ಮುಚ್ಚಳ ಹಾಕಿ ಡಬ್ಬಿಯನ್ನು ಅಲ್ಲೇ ಗೋಡೆಗೆ ಒತ್ತಿಟ್ಟು ಎದ್ದು ಹೋದಳು. ನಾನು ಆ ಹೊತ್ತಿಗೆ ಕೆಳಗಿಳಿದು ಹೋಗಿ ಅವಳ ಡಬ್ಬಿಯಿಂದ ಒಂದು ತುತ್ತು ತಿಂದಿದ್ದರೆ ಏನಾಗುತ್ತಿತ್ತೋ. ಇಳಿಯಲಿಲ್ಲ. ಇಳಿಯಬೇಕೆಂದು ಹೊಳೆದದ್ದೂ ಎಷ್ಟೋ ದಿನದ ಮೇಲೆ.

ಮರುದಿನ ಬೆಳಿಗ್ಗೆ ಏಳಕ್ಕೆ ಹೋದೆ. ಗೇಟಿನ ಹತ್ತಿರ ಯಾರೂ ಇರಲಿಲ್ಲ. ಖಾಕಿ ಅಂಗಿಯನ್ನು ಒಗೆದು, ಮಡಿಸಿ, ಮೇಲೆ ಸೀಟಿ ಇಟ್ಟು ಸ್ಟೂಲಿನ ಮೇಲೆ ಬಿಟ್ಟು ಹೋಗಿದ್ದ. ಅಂಗಿ ಇನ್ನೂ ಹಸಿ ಇತ್ತು.

ವಾರದ ಮೇಲೆ ಮಗಳು ಒಬ್ಬಳೇ ಬಂದಳು, ಡಬ್ಬಿ ಒಯ್ಯಲು. ಗೇಟಿನೊಳಗೆ ಕಾಲಿಡಲಿಲ್ಲ, ಹೊರಗೇ ನಿಂತು ಹಮಾಲನಿಗೆ ಹೇಳಿ ಕಳಿಸಿದಳು. ನಾನೇ ಡಬ್ಬಿ ತೆಗೆದುಕೊಂಡು ಹೋದೆ. ಅಪ್ಪ ಹೇಗಿದ್ದಾನೆ, ಎಲ್ಲಿದ್ದೀರಿ, ಮತ್ತೆ ಕೆಲಸಕ್ಕೆ ಬನ್ನಿ, ನಾನು ಎಲ್ಲರಿಗೂ ಹೇಳುತ್ತೇನೆ ಎಂದೆಲ್ಲ ತೊದಲಿದೆ. ಏನು ಹೇಳುತ್ತೇನೆ ಎಂಬುದು ನನಗೇ ತಿಳಿದಿರಲಿಲ್ಲ. ತಪ್ಪಾಯಿತು ಎಂಬ ಮಾತು ಮಾತ್ರ ಬರಲಿಲ್ಲ. ಮೂವತ್ತು ವರ್ಷ ಗಾದಿಯ ಮೇಲೆ ಕೂತವನ ಬಾಯಿಗೆ ಅದು ಅಷ್ಟು ಸುಲಭಕ್ಕೆ ಬರುವುದಿಲ್ಲ.

ಅವಳು ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಒಳಗೆ ಚಟ್ನಿ ಹಾಗೇ ಇತ್ತು. ಮುಚ್ಚಿದಳು.

"ನಿಮ್ಮ ಕೈ ಭಾಳ ಛಲೋ ಕುಂತೈತಿ ಅಂತ ಹೇಳ್ತಿದ್ದಾ ಅಪ್ಪ," ಅಂದಳು. "ಮನಿಗೆ ಬಂದು ದಿನಾ ಹೇಳಾಂವ. ನನಗ ಗಂಡಮಗ ಇದ್ರ ಇಷ್ಟ ಲಗೂ ಕಲೀತಿರ್ಲಿಲ್ಲ ಅಂತಿದ್ದ."

ಇಷ್ಟು ಹೇಳಿ ಹೋದಳು. ಬೈದಿದ್ದರೆ ನಾನು ತಿರುಗಿ ಬೈಯುತ್ತಿದ್ದೆ, ಸಮವಾಗುತ್ತಿತ್ತು. ನಾನು ಗೇಟಿನಲ್ಲೇ ನಿಂತೆ. ಅಂಗಿಯಿಲ್ಲದ ಬೆನ್ನು, ನೀರು ಕೇಳಿದಾಗ ಕೊಡದ್ದು, ಕಡ್ಡಿಯ ಏಟು, ಅವನಿಗೆ ಅವನಪ್ಪ ಕಲಿಸಿದ್ದೂ ಹಾಗೇ. ಬೇರೆ ಥರ ಕಲಿಸುವುದು ಅವನಿಗೆ ಗೊತ್ತಿರಲಿಲ್ಲ. ಅದರಲ್ಲೇ ಎಲ್ಲೋ ಪ್ರೀತಿ ಇತ್ತು, ನಾನು ಅದನ್ನೂ ಲೆಕ್ಕಕ್ಕೆ ಹಾಕಿ ತೀರಿಸಿದೆ.

ಕದರಮಂಡಲಗಿಗೆ ಹೋದಾಗ ವಿಚಾರಿಸಿದೆ, ಕರ್ಜಗಿಯಲ್ಲೂ ಕೇಳಿದೆ. ಯಾರಿಗೂ ತಿಳಿದಿಲ್ಲ. ಇನ್ನೊಂದು ಊರಿನಲ್ಲಿ ಇನ್ನೊಂದು ಗೇಟಿನ ಮುಂದೆ, ಮಿಲ್ಲಿನಲ್ಲಿದ್ದೆ ಎಂದು ಹೇಳಿ ಸ್ಟೂಲು ಹಾಕಿಕೊಂಡಿದ್ದಾನೆ ಎಂದುಕೊಳ್ಳುತ್ತೇನೆ. ಹಾಗಿದ್ದರೆ ನಾನು ಹುಡುಕದೆ ಇರುವುದೇ ಒಳ್ಳೆಯದು ಎಂದು ಹುಡುಕುವುದನ್ನು ಬಿಟ್ಟೆ. ಅದರಲ್ಲೂ ನನಗೆ ಅನುಕೂಲವೇ ಇದೆ.

ಗಾಳ ಬಿಡಲಿಲ್ಲ. ಬಿಟ್ಟೆ ಎಂದು ಬರೆದರೆ ಓದುವವರಿಗೆ ನಾನು ಸ್ವಲ್ಪ ಒಳ್ಳೆಯವನಾಗಿ ಕಾಣಬಹುದು, ಆದರೆ ಬಿಡಲಿಲ್ಲ. ಈಗಲೂ ಭಾನುವಾರ ಹೊಳೆಗೆ ಹೋಗುತ್ತೇನೆ. ಕೈ ಚೆನ್ನಾಗಿ ಕೂತಿದೆ. ದಾರ ಹಿಂದೆ ಹೋಗುವತನಕ ತಡೆಯುತ್ತೇನೆ, ಮುಂದೆ ಬಂದು ಸದ್ದಿಲ್ಲದೆ ಮಲಗುತ್ತದೆ. ದಾವಣಗೆರೆ, ಹುಬ್ಬಳ್ಳಿ ಕಡೆಯಿಂದ ಬರುವ ಹೊಸಬರು ಪಕ್ಕಕ್ಕೆ ನಿಂತು ನೋಡುತ್ತಾರೆ. ಆಮೇಲೆ ಹತ್ತಿರ ಬಂದು, ಎಲ್ಲಿ ಕಲಿತಿರಿ ಸರ್, ಒಳ್ಳೆಯ ಗುರು ಎಲ್ಲಿ ಸಿಗುತ್ತಾರೆ ಎಂದು ಕೇಳುತ್ತಾರೆ. ಗೆಳೆಯ ಪಕ್ಕದಲ್ಲೇ ಇರುತ್ತಾನೆ, ನೀರು ನೋಡುತ್ತ ನಿಲ್ಲುತ್ತಾನೆ.

ವಿಡಿಯೋ ನೋಡಿ ಕಲಿತೆ ಅನ್ನುತ್ತೇನೆ. ತಕ್ಕಡಿ ಮುಟ್ಟಿ ಆಡಿದ ಮಾತು, ಈಗ ಉಳಿಸಿಕೊಳ್ಳುತ್ತಿದ್ದೇನೆ.